ಮರಳು ಕುಣಿಸುವ ತಮಟೆ

"ಕೇಳಿರಪ್ಪೋ ಕೇಳಿ! ಮೂರು ಒಗಟು ಬಿಡಿಸಿದವನಿಗೆ ಅರ್ಧ ರಾಜ್ಯ, ತಪ್ಪಿದವನಿಗೆ ಬೆಂಕಿಗುಡ್ಡದ ಬಾಯಿ!"

ಕಡಲ ನಡುವಿನ ಕೆಂಡದ್ವೀಪದ ಅರಸ ಗಜಪಾಲ ಹೀಗೆ ಕೊಂಬು ಊದಿಸಿ ಸಾರಿಸಿದ. ಡಂಗುರಕ್ಕೆ ತಮಟೆಯೆಲ್ಲಿತ್ತು? ನಿದ್ದೆಗೆ ಕೇಡೆಂದು ಪ್ರಜೆಗಳ ತಮಟೆಗಳನ್ನೆಲ್ಲ ತಾನೇ ಕಿತ್ತುಕೊಂಡಿದ್ದನಲ್ಲ! ತಮಟೆಯ ಹಾಡಿನೊಳಗಿನ ಒಗಟುಗಳು ಮಾತ್ರ ಮಹಾರಾಯನಿಗೆ ಆಟಕ್ಕೆ ಬೇಕಾಗಿದ್ದವು.

ಗುಡ್ಡದ ಬುಡದ ಹಟ್ಟಿಯಲ್ಲಿ ಬೂದಿಮಣ್ಣು ಹೊರುವ ದುಗ್ಗಣನಿಗೆ ರಾಜ್ಯದ ಆಸೆಯಿರಲಿಲ್ಲ. ಮೂರು ದಿನದಿಂದ ಬಾವಿಯ ನೀರು ಬೆಚ್ಚಗಾಗಿತ್ತು. "ಊರು ಬಿಡೋಣವ್ವಾ" ಎಂದರೆ ತಾಯಿ ಸಂಕವ್ವ, "ತಮಟೆ ಹೇಳ್ಲಿ, ಬಿಡೋಣ" ಎಂದಳು. ಅವರ ಪದ್ಧತಿಯೇ ಹಾಗೆ. ತಮಟೆಯನ್ನು ನೆಲಕ್ಕಿಟ್ಟು ಮೇಲೆ ಕರಿಮರಳು ಉದುರಿಸಬೇಕು, ಮರಳು ಕುಣಿದರೆ ದೋಣಿ ಹತ್ತಬೇಕು. ಬೇರೆ ಯಾರ ಮಾತಿಗೂ ಹಟ್ಟಿ ಕದಲಿದ್ದಿಲ್ಲ.

ದುಗ್ಗಣ ಅರಮನೆಗೆ ನಡೆದ. ಅಲ್ಲಿ ಅರಸ ಮೂರು ಒಗಟನ್ನೂ ಒಟ್ಟಿಗೇ ಕೇಳಿದ. "ನೀರಲ್ಲಿ ಮುಳುಗದ ಕಲ್ಲು ಯಾವುದು? ಮನೆ ಸುಟ್ಟು ಅನ್ನ ಕೊಡುವ ತಾಯಿ ಯಾರು? ಸತ್ತ ಮೇಲೆ ಮಾತು ಕಲಿತದ್ದು, ಕಿವಿಯಿಲ್ಲದೆಯೂ ನಮಗಿಂತ ಮೊದಲು ಕೇಳುವುದು ಯಾವುದು?"

ಸರದಾರನ ಮಗ ಕಲ್ಲನ್ನು ಮುತ್ತೆಂದ. ಎಳೆದೊಯ್ದರು. ವ್ಯಾಪಾರಿಯ ಮಗ ತಾಯಿಯನ್ನು ಒಲೆಯೆಂದ. ಅವನನ್ನೂ ಎಳೆದೊಯ್ದರು. ದುಗ್ಗಣ ಮುಂದೆ ಬಂದ.

"ಬುದ್ಧೀ, ಆ ಕಲ್ಲು ನಮ್ಮ ಗುಡ್ಡ ಉಗುಳಿದ್ದು. ಮೈಯೆಲ್ಲ ತೂತು, ಒಳಗೆ ಗಾಳಿ, ಅದಕ್ಕೇ ತೇಲ್ತದೆ. ಆ ತಾಯಿ ಗುಡ್ಡವೇ. ಅವಳು ಸುರಿದ ಬೂದಿಯಲ್ಲೇ ನಮ್ಮ ರಾಗಿ ಬೆಳೆಯೋದು. ಸತ್ತ ಮೇಲೆ ಮಾತು ಕಲಿತದ್ದು ಆಡಿನ ಚರ್ಮ. ತಮಟೆ, ಬುದ್ಧೀ. ನೆಲದೊಳಗಿನ ಸದ್ದು ಅದಕ್ಕೇ ಮೊದಲು ಕೇಳಿಸೋದು."

"ಭೇಷ್! ಅರ್ಧ ರಾಜ್ಯ ನಿನ್ನದು!"

"ರಾಜ್ಯ ಬೇಡ. ನಮ್ಮವ್ವನ ತಮಟೆ ಕೊಡ್ಸಿ."

ಅರಸ ಹೊಟ್ಟೆ ಹಿಡಿದು ನಕ್ಕ. "ಅವೆಲ್ಲ ಹೋದ ಚಳಿಗಾಲದಲ್ಲೇ ಬಚ್ಚಲ ಒಲೆಗೆ ಹೋದವಲ್ಲೋ!" ಕೊಟ್ಟ ಮಾತಿಗೆ ತಪ್ಪದೆ ಅರ್ಧ ರಾಜ್ಯ ಕೊಟ್ಟ. ಗುಡ್ಡವಿದ್ದ ಅರ್ಧವನ್ನು.

ದುಗ್ಗಣ ಕಿರೀಟದೊಂದಿಗೇ ಹಟ್ಟಿಗೆ ಓಡಿದ. ಹೊರಡಿ ಎಂದು ಆಜ್ಞೆ ಮಾಡಿದ, ಆಮೇಲೆ ಒಬ್ಬೊಬ್ಬರ ಕಾಲು ಹಿಡಿದ.

"ಅರಸಂಗೆ ನೆಲದೊಳಗಿನ ಸದ್ದು ಕೇಳಿಸ್ತದೇನೋ ಮಗಾ? ತಮಟೆ ತಾ" ಎಂದಳು ಸಂಕವ್ವ.

ಅವನಿಗೆ ಅಳು ಬಂತು. ಆಡು ಕೊಯ್ದು ಹೊಸ ತಮಟೆ ಮಾಡಲು ಕೂತ. ಚರ್ಮ ಹದಕ್ಕೆ ಬರಲು ಇಪ್ಪತ್ತು ದಿನ ಬೇಕು. ಗುಡ್ಡ ಹನ್ನೊಂದನೇ ದಿನಕ್ಕೇ ಬಾಯಿ ಬಿಟ್ಟಿತು.

ಚರ್ಮ ತೊಳೆಯಲು ಕಡಲಿಗೆ ಹೋಗಿದ್ದ ದುಗ್ಗಣ ಒಬ್ಬನೇ ಉಳಿದ. ಅರ್ಧ ರಾಜ್ಯದ ಅರಸ, ಆಳಲು ಒಂದು ನರಪಿಳ್ಳೆಯಿಲ್ಲ. ಆ ರಾಜ್ಯ ಅವನಿಗೇ ಇರಲಿ, ಕತೆ ಕೇಳಿದ ನಿಮ್ಮ ಬಾವಿ ತಣ್ಣಗಿರಲಿ.