ಅಟ್ಟದ ಮೇಲಿನ ಗೊಂಚಲು

ಇಟಲಿಯ ಗುಡ್ಡವೊಂದರ ಮೇಲೆ ಮುನ್ನೂರು ವರ್ಷದಿಂದ ವೈನ್ ಮಾಡುತ್ತಿದ್ದ ದ್ರಾಕ್ಷಿ ತೋಟವಿತ್ತು. ಸುಗ್ಗಿಯ ದಿನ ಒಡತಿ ಓರ್ತೆನ್ಸಿಯಾ ಎಲ್ಲರಿಗಿಂತ ಮೊದಲು ಕತ್ತರಿ ಹಿಡಿದು, ಒಂದಿಷ್ಟು ಗೊಂಚಲು ಕೊಯ್ದು ಅಟ್ಟದ ಚಾಪೆಯ ಮೇಲೆ ಮಲಗಿಸಿದಳು. ಉಳಿದ ಹಣ್ಣೆಲ್ಲ ಕೆಳಗಿನ ತೊಟ್ಟಿಗೆ ಬಿದ್ದು ರಸವಾಯಿತು.

ರಸ ನೊರೆಯುಕ್ಕಿಸಿ ಕುಣಿಯುತ್ತ ಕೂಗಿತು: "ಏನಮ್ಮಾ ಅಟ್ಟದವಳೇ! ನಾನು ವೈನ್ ಆಗುತ್ತಿದ್ದೇನೆ, ನೀನು ಸುಕ್ಕಾಗುತ್ತಿದ್ದೀಯ."

"ಸುಕ್ಕಾಗಲಿ ಬಿಡು," ಎಂದಿತು ಅಟ್ಟದ ಹಿರಿ ಗೊಂಚಲು. "ನೀರು ಹೋಗುತ್ತಿದೆ, ಸಿಹಿ ಹೋಗುತ್ತಿಲ್ಲ."

"ನಿನ್ನನ್ನು ಮರೆತೇಬಿಟ್ಟಿದ್ದಾರೆ, ಅಜ್ಜಿ!"

ಗೊಂಚಲಿಗೆ ಒಳಗೊಳಗೇ ಅಳುಕಾಯಿತು. ಆದರೂ ಒಂದು ಹಣ್ಣನ್ನೂ ಕೊಳೆಯಲು ಬಿಡದೆ ಬಿಗಿಯಾಗಿ ಮಲಗಿತು.

ಚಳಿ ಬಂತು. ಕುಣಿಯುತ್ತಿದ್ದ ರಸ ಅರ್ಧ ವೈನಾಗಿ ಅಲ್ಲೇ ನಿದ್ದೆಹೋಯಿತು. ಓರ್ತೆನ್ಸಿಯಾ ತೊಟ್ಟಿಗೆ ಕಿವಿಯಿಟ್ಟಳು. ಒಂದು ಗುಳ್ಳೆಯ ಸದ್ದೂ ಇಲ್ಲ. "ಇದು ಏಳದಿದ್ದರೆ ಈ ವರ್ಷದ ವೈನೆಲ್ಲ ಚರಂಡಿಗೆ," ಎಂದವಳೇ ಸರಸರನೆ ಅಟ್ಟ ಹತ್ತಿ, ಸುಕ್ಕಿದ ಗೊಂಚಲುಗಳನ್ನು ತಂದು, ಹಿಸುಕಿ ತೊಟ್ಟಿಗೆ ಸುರಿದಳು.

"ಏಳೋ, ಕುಣಿತದವನೇ," ಎಂದಿತು ಗೊಂಚಲು.

"ಕೈಲಾಗಲ್ಲ ಅಜ್ಜಿ. ನನ್ನ ಕಾವೆಲ್ಲ ಆರಿಹೋಗಿದೆ."

"ನನ್ನ ಸಿಹಿ ಇದೆಯಲ್ಲ, ಅದನ್ನು ಉರಿಸಿಕೊ."

ಸ್ವಲ್ಪ ಹೊತ್ತಿಗೆ ಒಂದು ಗುಳ್ಳೆ ಎದ್ದಿತು, ಅದರ ಹಿಂದೆಯೇ ನೂರು. ತೊಟ್ಟಿ ಮತ್ತೆ ಬೆಚ್ಚಗಾಯಿತು. ಓರ್ತೆನ್ಸಿಯಾ ತೊಟ್ಟಿಯ ಹಲಗೆಯನ್ನು ತಟ್ಟಿ ನಕ್ಕಳು.

"ಹಾಗಾದರೆ ಒಡತಿ ನಿನ್ನನ್ನು ಮರೆತಿರಲಿಲ್ಲ!" ಎಂದಿತು ರಸ.

"ಮರೆಯುವವರು ಎಲ್ಲಕ್ಕಿಂತ ಮೊದಲು ಕೊಯ್ಯುತ್ತಾರೇನೋ, ದಡ್ಡ?"