ಜೀಬ್ರಾ ಕೇಳಿದ ಓಟ

ಆಫ್ರಿಕಾದ ಒಂದು ಖಾಸಗಿ ವನ್ಯಧಾಮದಲ್ಲಿ ತಾಯಿ ಜೀಬ್ರಾ ತನ್ನ ಮರಿಯನ್ನು ಕರೆದುಕೊಂಡು ಮುದಿ ಸಿಂಹದ ಬಳಿ ಬಂದಿತು.

"ಅಜ್ಜಾ, ನನ್ನ ಮರಿಯನ್ನು ಒಂದು ಸಲ ಅಟ್ಟಿಸಿಕೊಂಡು ಹೋಗು. ಬೇಲಿ ಮುರಿದು ಕತ್ತೆಕಿರುಬಗಳು ಒಳಗೆ ಬಂದಿವೆ. ಇದಕ್ಕೆ ಓಡಲು ಬರುವುದಿಲ್ಲ."

"ನಿನ್ನಮ್ಮನನ್ನು ನದಿಯವರೆಗೂ ಓಡಿಸಿದ್ದೆ," ಎಂದಿತು ಸಿಂಹ. "ಸಿಗಲೇ ಇಲ್ಲ. ಅಂಥ ಬೆಳಗು ಮತ್ತೆ ಬರಲಿಲ್ಲ."

"ಹಾಗಾದರೆ ಏಳು."

ಸಿಂಹ ಎದ್ದು ನಾಲ್ಕು ಹೆಜ್ಜೆ ಓಡಿತು. ಮರಿಯ ಕಿವಿ ನೆಟ್ಟಗಾಯಿತು. ಅಷ್ಟರಲ್ಲಿ ಅರ್ಧ ದಿನದ ಪ್ರವಾಸಕ್ಕೆ ಬಂದವರ ಜೀಪು ಬಂತು. ಅವರು ಫೋಟೋ ತೆಗೆದುಕೊಂಡು ಹೋಗುವವರೆಗೆ ಮರದಡಿ ಮಲಗಿದ್ದರೆ ಸಿಂಹಕ್ಕೆ ದಿನವೂ ಧಾಮದವರಿಂದ ಕೊಯ್ದ ಮಾಂಸ ಸಿಗುತ್ತಿತ್ತು.

"ನಾಳೆ ಓಡಿಸುತ್ತೇನೆ," ಎಂದು ಅದು ಮಲಗಿತು. ಮರಿಯೂ ಪಕ್ಕದಲ್ಲೇ ಮಲಗಿತು.

ಬೇಲಿಯ ಕಡೆಯಿಂದ ಕತ್ತೆಕಿರುಬ ಕೂಗಿತು. ತಾಯಿ ಓಡಿತು. ಮರಿ ಮಾತ್ರ ಆ ಸದ್ದಿಗೆ ಇನ್ನೊಂದು ಜೀಪು ಬಂತೆಂದುಕೊಂಡು ಫೋಟೋಗೆ ಕತ್ತೆತ್ತಿ ಕುಳಿತುಕೊಂಡಿತು.