ಗುರುಗಳು ನಿಂತ ಜಾಗ

ಕಾಡಂಚಿನ ಆ ಆಶ್ರಮದಲ್ಲಿ ಒಂದು ವಾಡಿಕೆಯಿತ್ತು. ಚೈತ್ರದ ಒಂದು ಬೆಳಗ್ಗೆ ಶಿಷ್ಯರೆಲ್ಲ ಗುರುಗಳ ಜೊತೆ ಕಾಡಿಗೆ ಹೋಗುವರು. ಹೂ, ಹಕ್ಕಿ, ಚಿಟ್ಟೆ ನೋಡುವುದು ಬಿಟ್ಟರೆ ಅಂದು ಬೇರೆ ಪಾಠವಿಲ್ಲ.

ನಿಯಮ ಒಂದೇ. ಏನಾದರೂ ಕಂಡವರು ಬೆರಳು ತೋರಿಸಬಾರದು, ಬಾಯಿ ಬಿಡಬಾರದು. ಸುಮ್ಮನೆ ನಿಲ್ಲಬೇಕು. ಉಳಿದವರು ತಾವೇ ಹುಡುಕಿ ನೋಡುವವರೆಗೆ ಕದಲಬಾರದು.

ಶಂಭುಲಿಂಗ ಹೊಸಬ. ಯಾರಾದರೂ ನಿಂತಾಗಲೆಲ್ಲ ಅವನೂ ನಿಂತ. ಕತ್ತೆತ್ತಿದ, ಬಗ್ಗಿದ, ಕಣ್ಣುಜ್ಜಿಕೊಂಡ. ಅಷ್ಟರಲ್ಲಿ ಹಕ್ಕಿ ಹಾರಿಹೋಗಿರುತ್ತಿತ್ತು. ಎಲ್ಲರ ಮುಖದಲ್ಲೂ ನಗು. ಅವನಿಗೆ ಕಂಡದ್ದು ಆ ನಗು ಮಾತ್ರ.

"ಏನಪ್ಪಾ ಶಂಭು, ಎಲೆ ಎಣಿಸ್ತಿದ್ದೀಯಾ?" ಎಂದು ಹಿರಿಯ ಶಿಷ್ಯೆ ಗೌರಕ್ಕ ಛೇಡಿಸಿದಳು.

"ಬರೀ ಎಲೆಯೇ ಕಾಣ್ತಿರೋದು ಅಕ್ಕ, ಇನ್ನೇನು ಮಾಡಲಿ?"

"ಅದೂ ಕಾಣದವರಿದ್ದಾರೆ, ಬಿಡು" ಎಂದು ಅವಳು ಮುಂದೆ ನಡೆದಳು.

ಹೊತ್ತು ಏರಿತು. ಗುಂಪು ತಿರುವಿನಾಚೆ ಮರೆಯಾಯಿತು. ಶಂಭುಲಿಂಗ ಬೇಕೆಂದೇ ಹಿಂದುಳಿದ. ಮುಪ್ಪಾದ ಗುರುಗಳು ಎಲ್ಲರಿಗಿಂತ ಹಿಂದೆ ಕೋಲೂರಿಕೊಂಡು ಬರುತ್ತಿದ್ದರು.

"ಗುರುಗಳೇ, ಇದು ನನ್ನ ಕೈಲಾಗುವುದಿಲ್ಲ. ನಾಳೆ ಊರಿಗೆ ಹೊರಟುಬಿಡುತ್ತೇನೆ."

"ಆಗಲಿ" ಎಂದರು ಗುರುಗಳು.

ಬೇಡ ಎಂದಾರೆಂದು ಅವನು ಕಾದ. ಅವರು ನಾಲ್ಕು ಹೆಜ್ಜೆ ನಡೆದು ಥಟ್ಟನೆ ನಿಂತರು.

ಶಂಭುಲಿಂಗನೂ ನಿಂತ. ಗುರುಗಳು ನಿಂತಿದ್ದಾರೆ. ಇದೊಂದನ್ನಾದರೂ ಕಾಣದೆ ಹೋಗಬಾರದು. ಅವರು ನೆಲ ನೋಡುತ್ತಿದ್ದರು. ಅವನೂ ನೆಲ ನೋಡಿದ.

ತರಗೆಲೆ. ಮತ್ತೆ ತರಗೆಲೆ. ನಡುವೆ ಏನೋ ಬಿಳಿ. ಒಂದೆಲೆಯೂ ಇಲ್ಲದೆ ಮಣ್ಣಿನಿಂದಲೇ ಎದ್ದು ನಿಂತ ನೆಲಸಂಪಿಗೆ. ಎಸಳಿನ ಮೇಲೆ ನೇರಳೆ ಬಣ್ಣ.

ಗುರುಗಳು ಕದಲಲಿಲ್ಲ. ಹಾಗಾದರೆ ಇದಲ್ಲ.

ಹೂವಿನ ಪಕ್ಕದಲ್ಲಿ ಒಂದು ತರಗೆಲೆ ಮೆಲ್ಲಗೆ ತೆರೆದು ಮುಚ್ಚಿಕೊಂಡಿತು. ಒಳಗೆಲ್ಲ ನೀಲಿ. ಚಿಟ್ಟೆ!

ಆಗಲೂ ಗುರುಗಳು ಕದಲಲಿಲ್ಲ. ಅವನು ನಿಧಾನವಾಗಿ ತಲೆಯೆತ್ತಿದ. ಕೈಗೆಟುಕುವ ಕೊಂಬೆಯ ಕವಲಿನಲ್ಲಿ ಬಟ್ಟಲಿನಷ್ಟು ಗೂಡು. ಅದರ ಅಂಚಿನ ಮೇಲಿಂದ ಒಂದು ಕಪ್ಪು ಕಣ್ಣು ಅವನನ್ನೇ ನೋಡುತ್ತಿತ್ತು. ಬಹಳ ಹೊತ್ತಿನಿಂದಲೇ ನೋಡುತ್ತಿದ್ದಿರಬೇಕು.

"ಏನಾದರೂ ಕಂಡಿತೇನಪ್ಪಾ?" ಎಂದರು ಗುರುಗಳು.

"ಕಂಡಿತು ಗುರುಗಳೇ! ನೆಲಸಂಪಿಗೆ. ಎಲೆಯಂಥ ಚಿಟ್ಟೆ. ಅಗೋ, ಗೂಡಿನಲ್ಲಿ ಹಕ್ಕಿ!"

ಬೆರಳು ಆಗಲೇ ಮೇಲಕ್ಕೆ ಹೋಗಿತ್ತು. ಶಂಭುಲಿಂಗ ನಾಲಿಗೆ ಕಚ್ಚಿಕೊಂಡು ಅದನ್ನು ಮಡಚಿದ. ಆಮೇಲೆ ತಗ್ಗಿದ ದನಿಯಲ್ಲಿ ಕೇಳಿದ:

"ಇವುಗಳಲ್ಲಿ ನೀವು ನಿಂತದ್ದು ಯಾವುದಕ್ಕೆ?"

ಗುರುಗಳು ಅವನ ಹೆಗಲು ಹಿಡಿದುಕೊಂಡು ಒಂದು ಪಾದ ಮೇಲೆತ್ತಿದರು.

"ಕಾಲಿಗೆ ಮುಳ್ಳು ನೆಟ್ಟಿದೆ ಮಾರಾಯ. ಊರಿಗೆ ಹೋಗುವುದಾದರೆ ಇದನ್ನೊಂದು ಕಿತ್ತುಕೊಟ್ಟು ಹೋಗು."